ಸಂತ ಜೋನ್ ಆಫ್ ಆರ್ಕ್: ಧರ್ಮಾಧ್ಯಕ್ಷರ ನ್ಯಾಯಾಲಯ ಸುಡಿಸಿದ ಹುಡುಗಿ ಸಂತಳಾದ ಬಗೆ



ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಒಂದು ವಾರದ ಧ್ಯಾನಕೂಟ ಮುಗಿಸಿ ಊರಿಗೆ ಹೊರಟಿದ್ದೆ. ಯಶವಂತಪುರ ನಿಲ್ದಾಣದಲ್ಲಿ ಬೆಳಗಿನ ರೈಲಿಗಾಗಿ ಕಾಯುತ್ತಿದ್ದಾಗ, ನಾನು ಹಿಂದೆ ಸಹಾಯಕ ಗುರುವಾಗಿದ್ದ ಧರ್ಮಕೇಂದ್ರದ ಯುವತಿಯೊಬ್ಬಳು ಗುರುತು ಹಿಡಿದು ಬಂದು ಮಾತನಾಡಿಸಿದಳು. ನನ್ನ ಕೈಯಿಂದಲೇ ಪ್ರಥಮ ಪರಮಪ್ರಸಾದ ಸ್ವೀಕರಿಸಿದವಳು. ಆಗ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಳು. ಆಕೆಗೆ ದೀಕ್ಷಾಸ್ನಾನದಲ್ಲಿ ಇಟ್ಟದ್ದು ಸಂತ ಜೋನ್ ಆಫ್ ಆರ್ಕ್ ಅವರ ಹೆಸರು. ರೈಲು ಸಕಲೇಶಪುರ ದಾಟಿ ಘಾಟಿ ಇಳಿಯಲು ಆರಂಭಿಸಿದಾಗ ಆಕೆ ಬಹಳ ದಿನಗಳಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಒಂದು ಪ್ರಶ್ನೆಯನ್ನು ಹೊರಗೆ ಹಾಕಿದಳು. ನಿನ್ನ ಹೆಸರಿನ ಸಂತಳನ್ನು ಕೊಲ್ಲಿಸಿದ್ದು ನಿಮ್ಮದೇ ಬಿಷಪರಲ್ಲವೇ ಎಂದು ಕಚೇರಿಯ ಸಹೋದ್ಯೋಗಿಯೊಬ್ಬರು ಕೇಳಿದ್ದರಂತೆ. ಆಕೆಗೆ ಉತ್ತರ ಹೊಳೆದಿರಲಿಲ್ಲ.

ನನಗೂ ಸರಿಯಾದ ಉತ್ತರ ಹೊಳೆಯಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಅದು ಇಂಗ್ಲಿಷರ ಕೆಲಸ, ರಾಜಕೀಯದ ಕೆಲಸ ಎಂದು ಹೇಳಿ ಮಾತು ಮುಗಿಸಿದೆ. ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಸೆಮಿನರಿಯಲ್ಲಿ ಧರ್ಮಸಭೆಯ ಇತಿಹಾಸವನ್ನು ಓದಿದವನು ಅರ್ಧ ಉತ್ತರ ಕೊಟ್ಟು ಕಿಟಕಿಯಾಚೆ ನೋಡುತ್ತ ಕುಳಿತದ್ದು ಆಮೇಲೆ ತುಂಬಾ ದಿನ ನನ್ನನ್ನು ಚುಚ್ಚುತ್ತಿತ್ತು. ಮೇ 30 ಈ ಸಂತಳ ಹಬ್ಬ. ಮದುವೆಗಳ ಗಡಿಬಿಡಿ, ಮಳೆಗಾಲದ ತಯಾರಿ, ಶಾಲೆ ಶುರುವಾಗುವ ಸಡಗರದ ನಡುವೆ ನಮ್ಮಲ್ಲಿ ಅದು ಗೊತ್ತಾಗದೆ ಕಳೆದುಹೋಗುತ್ತದೆ. ಅಂದು ಘಾಟಿಯಲ್ಲಿ ಹೇಳಬೇಕಾಗಿದ್ದುದನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ.

ಜೋನಳ ಬದುಕು ಅರ್ಥವಾಗಬೇಕಾದರೆ ಆಕೆ ಹುಟ್ಟಿದ ಕಾಲದ ಜಗಳವನ್ನು ಸ್ವಲ್ಪ ತಿಳಿದಿರಬೇಕು. ಚರಿತ್ರೆಕಾರರು ಇದನ್ನು ನೂರು ವರ್ಷಗಳ ಯುದ್ಧ ಎಂದು ಕರೆಯುತ್ತಾರೆ. ಲೆಕ್ಕ ಹಾಕಿದರೆ 1337ರಿಂದ 1453ರವರೆಗೆ 116 ವರ್ಷಗಳು. ಮೂಲ ಕಾರಣ ನಮ್ಮ ಕರಾವಳಿಯವರಿಗೆ ಬೇಗ ಅರ್ಥವಾಗುವಂಥದ್ದು: ಪಾಲಿನ ತಕರಾರು. 1328ರಲ್ಲಿ ಫ್ರಾನ್ಸಿನ ಅರಸ ನಾಲ್ಕನೇ ಚಾರ್ಲ್ಸ್ ಗಂಡುಮಕ್ಕಳಿಲ್ಲದೆ ತೀರಿಕೊಂಡ. ಅವನ ತಂಗಿ ಇಸಬೆಲ್ಲಾಳನ್ನು ಇಂಗ್ಲೆಂಡಿಗೆ ಕೊಟ್ಟು ಮದುವೆ ಮಾಡಲಾಗಿತ್ತು. ಆಕೆಯ ಮಗ ಮೂರನೇ ಎಡ್ವರ್ಡ್ ಆಗ ಇಂಗ್ಲೆಂಡಿನ ಅರಸ. ಅಳಿಯಕಟ್ಟಿನ ಲೆಕ್ಕದಲ್ಲಿ ನೋಡಿದರೆ ಸೋದರಳಿಯನಾದ ಎಡ್ವರ್ಡನದೇ ಹಕ್ಕು. ಆದರೆ ಫ್ರಾನ್ಸಿನ ಗಣ್ಯರು ಹೆಣ್ಣಿನ ಕಡೆಯಿಂದ ಹಕ್ಕು ಇಳಿಯುವುದಿಲ್ಲ ಎಂದು ತೀರ್ಮಾನಿಸಿ, ಸತ್ತ ಅರಸನ ಚಿಕ್ಕಪ್ಪನ ಮಗ ಆರನೇ ಫಿಲಿಪ್‌ನನ್ನು ಪಟ್ಟಕ್ಕೆ ಕೂರಿಸಿದರು. ಇದರ ಜೊತೆಗೆ ಜಮೀನಿನ ಪ್ರಶ್ನೆಯೂ ಇತ್ತು. ಫ್ರಾನ್ಸಿನ ನೈಋತ್ಯದಲ್ಲಿ, ದ್ರಾಕ್ಷಾರಸಕ್ಕೆ ಹೆಸರಾದ ಬೋರ್ಡೋ ಸುತ್ತಲಿನ ನಾಡನ್ನು ಇಂಗ್ಲೆಂಡಿನ ಅರಸರು ಫ್ರಾನ್ಸಿನ ಅರಸನ ಸಾಮಂತರಾಗಿ ಅನುಭವಿಸುತ್ತಿದ್ದರು. 1337ರಲ್ಲಿ ಫಿಲಿಪ್ ಅದನ್ನು ಮುಟ್ಟುಗೋಲು ಹಾಕಿದ. ಅಲ್ಲಿಗೆ ಯುದ್ಧ ಶುರುವಾಯಿತು.

ಕ್ರೆಸಿ, ಕ್ಯಾಲೆ, ಪ್ವಾತಿಯೇ ಎಂದು ಕದನಗಳ ಪಟ್ಟಿ ಉದ್ದವಿದೆ, ಅದನ್ನು ಬಿಡೋಣ. ನಡುವೆ 1348ರ ಮಹಾಮಾರಿ ಪ್ಲೇಗ್ ಎರಡೂ ಕಡೆಯವರನ್ನು ಗುಡಿಸಿ ಹಾಕಿತು. ವರ್ಷಗಟ್ಟಲೆ ಕದನ ವಿರಾಮಗಳೂ ಇದ್ದವು. ಆದರೆ ಕದನ ನಿಂತಾಗ ಕೆಲಸ ಕಳೆದುಕೊಂಡ ಕೂಲಿ ಸೈನಿಕರು ಹಳ್ಳಿಗಳನ್ನು ದೋಚುತ್ತಿದ್ದರು, ಆದ್ದರಿಂದ ಬಡವರಿಗೆ ವಿರಾಮವೂ ಯುದ್ಧವೇ ಆಗಿತ್ತು. 1415ರಲ್ಲಿ ಇಂಗ್ಲೆಂಡಿನ ಐದನೇ ಹೆನ್ರಿ ಅಜಿನ್‌ಕೋರ್ಟ್ ಎಂಬಲ್ಲಿ ಫ್ರೆಂಚ್ ಸೇನೆಯನ್ನು ನೆಲಕಚ್ಚಿಸಿದ. ಫ್ರಾನ್ಸಿನ ಅರಸ ಆರನೇ ಚಾರ್ಲ್ಸ್‌ಗೆ ಆಗಾಗ ಬುದ್ಧಿಭ್ರಮಣೆಯಾಗುತ್ತಿತ್ತು. ಅವನ ಬಂಧುಗಳೇ ಎರಡು ಬಣಗಳಾಗಿ ಒಬ್ಬರನ್ನೊಬ್ಬರು ಕೊಲ್ಲಿಸಿದರು. 1419ರಲ್ಲಿ ಬರ್ಗಂಡಿಯ ಡ್ಯೂಕ್ ಸಂಧಾನಕ್ಕೆ ಬಂದಾಗ ಯುವರಾಜ ಚಾರ್ಲ್ಸ್‌ನ ಜನರು ಅವನನ್ನು ಕೊಂದರು. ಸತ್ತವನ ಮಗ ನೇರವಾಗಿ ಇಂಗ್ಲಿಷರ ಕಡೆ ಸೇರಿದ. 1420ರ ತ್ರುವಾ ಒಪ್ಪಂದದಲ್ಲಿ ತಂದೆತಾಯಿಗಳೇ ಯುವರಾಜನ ಹಕ್ಕನ್ನು ತೆಗೆದು ಅಳಿಯನಾದ ಐದನೇ ಹೆನ್ರಿಗೆ ಕೊಟ್ಟರು. 1422ರಲ್ಲಿ ಹೆನ್ರಿ ಮತ್ತು ಆರನೇ ಚಾರ್ಲ್ಸ್ ಇಬ್ಬರೂ ಎರಡು ತಿಂಗಳ ಅಂತರದಲ್ಲಿ ತೀರಿಕೊಂಡಾಗ, ಎರಡು ರಾಜ್ಯಗಳ ಕಿರೀಟ ಇನ್ನೂ ವರ್ಷ ತುಂಬದ ಒಂದು ಮಗುವಿನ ಪಾಲಾಯಿತು. ಯುವರಾಜ ಚಾರ್ಲ್ಸ್ ಲ್ವಾರ್ ನದಿಯ ದಕ್ಷಿಣದಲ್ಲಿ, ಕಿರೀಟವಿಲ್ಲದೆ, ಕೈಯಲ್ಲಿ ಹಣವಿಲ್ಲದೆ, ಧೈರ್ಯವೂ ಇಲ್ಲದೆ ಕುಳಿತಿದ್ದ.

ಈ ಹಗೆತನ ಎಷ್ಟು ದೂರದವರೆಗೆ ಬಂತೆಂದರೆ ಅದು ನಮ್ಮ ಮಂಗಳೂರನ್ನೂ ಮುಟ್ಟಿತು. 1783ರಲ್ಲಿ ಟಿಪ್ಪು ಸುಲ್ತಾನನು ಇಂಗ್ಲಿಷರ ವಶದಲ್ಲಿದ್ದ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದಾಗ ಅವನ ಜೊತೆ ಫ್ರೆಂಚ್ ದಳವೂ ಇತ್ತು. ಯುರೋಪಿನಲ್ಲಿ ಇಬ್ಬರಿಗೂ ಶಾಂತಿಯಾಯಿತೆಂಬ ಸುದ್ದಿ ತಲುಪಿದೊಡನೆ ಫ್ರೆಂಚರು ಕದನದಿಂದ ಹಿಂದೆ ಸರಿದರು. ಮರುವರ್ಷ ಕೋಟೆ ಶರಣಾಗಿ, ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಅದೇ ತಪಸ್ಸುಕಾಲದಲ್ಲಿ ನಮ್ಮ ಪೂರ್ವಜರು ಶ್ರೀರಂಗಪಟ್ಟಣದ ಸೆರೆಗೆ ನಡೆದದ್ದು ನಮಗೆಲ್ಲ ತಿಳಿದ ಕಥೆ. ಇನ್ನೊಂದು ವಿಚಿತ್ರ: 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗಲೂ ಇಂಗ್ಲೆಂಡಿನ ಅರಸನ ಬಿರುದುಗಳಲ್ಲಿ ಫ್ರಾನ್ಸಿನ ಅರಸ ಎಂಬುದು ಇನ್ನೂ ಇತ್ತು. ಅದನ್ನು ಕೈಬಿಟ್ಟದ್ದು 1801ರಲ್ಲಿ.

ಈಗ ಹುಡುಗಿಯ ಕಡೆ ಬರೋಣ. ಫ್ರಾನ್ಸಿನ ಪೂರ್ವದ ಗಡಿಯಲ್ಲಿ, ಮ್ಯೂಸ್ ನದಿಯ ದಂಡೆಯ ದೊಂರೆಮಿ ಎಂಬ ಹಳ್ಳಿಯಲ್ಲಿ 1412ರ ಸುಮಾರಿಗೆ ಜೋನ್ ಹುಟ್ಟಿದಳು. ತಂದೆ ಜಾಕ್ ದಾರ್ಕ್, ಸ್ವಂತ ಹೊಲವಿದ್ದ ರೈತ. ತಾಯಿ ಇಸಬೆಲ್ ರೋಮೆ. ಓದು ಬರಹ ಆಕೆಗೆ ಕಲಿಸಲಿಲ್ಲ. ಪರಲೋಕ ಮಂತ್ರ, ನಮೋ ಮರಿಯ, ವಿಶ್ವಾಸ ಸಂಗ್ರಹ ಈ ಮೂರನ್ನು ತಾಯಿಯ ಬಾಯಿಂದ ಕಲಿತಳು. ನೂಲು ತೆಗೆಯಲು, ಹೊಲಿಯಲು ಕಲಿತಳು. ಅದರಲ್ಲಿ ಯಾವ ಹೆಂಗಸಿಗೂ ತಾನು ಸೋಲುವುದಿಲ್ಲ ಎಂಬ ಸಣ್ಣ ಹೆಮ್ಮೆ ಆಕೆಗೆ ನ್ಯಾಯಾಲಯದಲ್ಲಿ ನಿಂತಾಗಲೂ ಇತ್ತು. ಊರಿನ ದೇವಾಲಯದಲ್ಲಿ ಸಂಜೆಯ ಗಂಟೆ ಬಾರಿಸಲು ಮರೆಯುತ್ತಿದ್ದ ಸೇವಕನನ್ನು ಆಕೆ ಗದರಿಸುತ್ತಿದ್ದಳು. ಆಮೇಲೆ ಸರಿಯಾಗಿ ಬಾರಿಸಿದರೆ ಏನಾದರೂ ಕೊಡುತ್ತೇನೆಂದು ಆಸೆಯನ್ನೂ ತೋರಿಸುತ್ತಿದ್ದಳು. ಇದನ್ನು ಹೇಳಿದ್ದು ಮುದುಕನಾದ ಮೇಲೆ ಆ ಸೇವಕನೇ. ಗಂಟೆಯ ಸದ್ದು ಕೇಳಿದರೆ ಹೊಲದಲ್ಲೇ ಮೊಣಕಾಲೂರುವ ಹುಡುಗಿಯನ್ನು ಜೊತೆಯ ಮಕ್ಕಳು ತಮಾಷೆ ಮಾಡುತ್ತಿದ್ದರು.

ಯುದ್ಧ ಹಳ್ಳಿಗೂ ಬಂದಿತ್ತು. ದೊಂರೆಮಿಯವರು ಯುವರಾಜನ ಕಡೆ, ಪಕ್ಕದ ಊರಿನವರು ಬರ್ಗಂಡಿಯ ಕಡೆ. ಎರಡೂ ಊರಿನ ಹುಡುಗರು ಹೊಡೆದಾಡಿಕೊಂಡು ರಕ್ತ ಸುರಿಸಿಕೊಂಡು ಮನೆಗೆ ಬರುತ್ತಿದ್ದುದನ್ನು ಜೋನ್ ನೋಡಿದ್ದಳು. 1428ರಲ್ಲಿ ಸೈನಿಕರು ಬರುತ್ತಾರೆಂಬ ಭಯಕ್ಕೆ ಇಡೀ ಊರು ದನಕರುಗಳ ಸಮೇತ ನೆಶಾತೊ ಎಂಬ ಪೇಟೆಗೆ ಓಡಬೇಕಾಯಿತು.

ಸುಮಾರು 13ನೇ ವಯಸ್ಸಿನಲ್ಲಿ, ಒಂದು ಬೇಸಿಗೆಯ ಮಧ್ಯಾಹ್ನ, ತಂದೆಯ ತೋಟದಲ್ಲಿದ್ದಾಗ ಆಕೆಗೆ ಮೊದಲ ಬಾರಿಗೆ ಒಂದು ವಾಣಿ ಕೇಳಿಸಿತು. ಮೊದಲಿಗೆ ತುಂಬಾ ಹೆದರಿದಳು. ಮಹಾದೂತ ಸಂತ ಮಿಕಾಯೇಲರು, ಸಂತ ಕ್ಯಾಥರೀನ್, ಸಂತ ಮಾರ್ಗರೆಟ್ ತನ್ನೊಡನೆ ಮಾತನಾಡುತ್ತಾರೆ ಎಂದು ಆಕೆ ಮುಂದೆ ಹೇಳಿದಳು. ಆರಂಭದಲ್ಲಿ ಆ ವಾಣಿ ಹೇಳಿದ್ದು ಒಳ್ಳೆಯವಳಾಗಿರು, ದೇವಾಲಯಕ್ಕೆ ಹೋಗು ಎಂಬಷ್ಟೇ. ಫ್ರಾನ್ಸಿನ ಅರಸನ ಬಳಿಗೆ ಹೋಗಬೇಕೆಂಬ ಮಾತು ಬಂದದ್ದು ಆಮೇಲೆ. ಆಕೆ ಇದನ್ನು ತಂದೆತಾಯಿಗಳಿಗೆ ಹೇಳಲಿಲ್ಲ. ಮಗಳು ಸೈನಿಕರ ಜೊತೆ ಹೊರಟುಹೋದಳೆಂದು ತಂದೆಗೆ ಕನಸು ಬಿದ್ದಿತ್ತು. ಹಾಗೇನಾದರೂ ಆದರೆ ಅವಳನ್ನು ನೀರಿನಲ್ಲಿ ಮುಳುಗಿಸಿಬಿಡಿ, ನೀವು ಮಾಡದಿದ್ದರೆ ನಾನೇ ಮಾಡುತ್ತೇನೆ ಎಂದು ಆತ ಗಂಡುಮಕ್ಕಳಿಗೆ ಹೇಳಿದ್ದ. ಯುವಕನೊಬ್ಬ ತನ್ನನ್ನು ಮದುವೆಯಾಗುವುದಾಗಿ ಮಾತು ಕೊಟ್ಟಿದ್ದಾಳೆಂದು ತೂಲ್ ನಗರದ ಧರ್ಮಸಭೆಯ ನ್ಯಾಯಾಲಯದಲ್ಲಿ ದಾವೆ ಹೂಡಿದಾಗ ಆಕೆ ಹೋಗಿ ಉತ್ತರಿಸಿ ಗೆದ್ದು ಬಂದಳು. ಧರ್ಮಸಭೆಯ ನ್ಯಾಯಾಲಯದೊಡನೆ ಆಕೆಯ ಮೊದಲ ಅನುಭವ ಹೀಗೆ ಒಳ್ಳೆಯದೇ ಆಗಿತ್ತು.

ಸಮೀಪದ ವೊಕುಲೋರ್ ಕೋಟೆಯ ಅಧಿಕಾರಿ ರೊಬೇರ್ ದ ಬೋದ್ರಿಕೂರ್. ಹತ್ತಿರದ ಸಂಬಂಧಿಯೊಬ್ಬನನ್ನು ಜೊತೆಗೆ ಕರೆದುಕೊಂಡು ಜೋನ್ 1428ರಲ್ಲಿ ಅವನ ಮುಂದೆ ನಿಂತಾಗ, ನಾಲ್ಕು ಬಾರಿಸಿ ಮನೆಗೆ ಕರೆದುಕೊಂಡು ಹೋಗು ಎಂದು ಅವನು ಸಂಬಂಧಿಗೆ ಹೇಳಿ ಕಳುಹಿಸಿದ. ಮರುವರ್ಷದ ಆರಂಭದಲ್ಲಿ ಆಕೆ ಮತ್ತೆ ಹೋದಳು, ಹಟ ಹಿಡಿದು ಅಲ್ಲೇ ಉಳಿದಳು. ಕೊನೆಗೆ ಊರಿನ ಜನರೇ ಆಕೆಗೆ ಗಂಡಸರ ಉಡುಪನ್ನು ಹೊಲಿಸಿಕೊಟ್ಟರು. ಆರು ಮಂದಿ ಗಂಡಸರ ಜೊತೆ, ಶತ್ರುಗಳ ನಾಡಿನ ನಡುವೆ 11 ದಿನ ಪ್ರಯಾಣ ಮಾಡಿ ಷಿನೋನ್ ಅರಮನೆ ತಲುಪಿದಳು. ಆಗ ಆಕೆಗೆ ಸುಮಾರು 17 ವರ್ಷ. ಆಸ್ಥಾನಿಕರ ನಡುವೆ ಸೇರಿಕೊಂಡಿದ್ದ ಚಾರ್ಲ್ಸ್‌ನನ್ನು ಆಕೆ ಗುರುತು ಹಿಡಿದಳೆಂಬುದು ಪ್ರಸಿದ್ಧ ಪ್ರಸಂಗ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಮುಂದಿನ ಮೂರು ವಾರಗಳು. ಚಾರ್ಲ್ಸ್ ಆಕೆಯನ್ನು ನಂಬುವ ಮೊದಲು ಪ್ವಾತಿಯೇ ನಗರಕ್ಕೆ ಕಳುಹಿಸಿ ದೈವಶಾಸ್ತ್ರಿಗಳಿಂದ ಪರೀಕ್ಷೆ ಮಾಡಿಸಿದ. ಅವರು ಪ್ರಶ್ನೆಗಳ ಮೇಲೆ ಪ್ರಶ್ನೆ ಹಾಕಿ, ಆಕೆಯಲ್ಲಿ ಕೆಟ್ಟದ್ದೇನೂ ಕಾಣುವುದಿಲ್ಲ, ದೀನತೆ ಮತ್ತು ಭಕ್ತಿ ಕಾಣುತ್ತದೆ ಎಂದು ವರದಿ ಮಾಡಿದರು. ಆ ಪರೀಕ್ಷೆಯ ದಾಖಲೆ ಪುಸ್ತಕ ಕಳೆದುಹೋಗಿದೆ. ಧರ್ಮಸಭೆಯ ಪಂಡಿತರು ಆಕೆಯನ್ನು ಎರಡು ವರ್ಷದೊಳಗೆ ಎರಡು ಸಲ ಪರೀಕ್ಷಿಸಿದರು, ಎರಡು ಬೇರೆ ಬೇರೆ ತೀರ್ಮಾನಕ್ಕೆ ಬಂದರು ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಓರ್ಲಿಯನ್ಸ್ ನಗರಕ್ಕೆ ಇಂಗ್ಲಿಷರು 1428ರ ಅಕ್ಟೋಬರ್ 12ರಿಂದ ಮುತ್ತಿಗೆ ಹಾಕಿದ್ದರು. ಅದು ಬಿದ್ದರೆ ದಕ್ಷಿಣದ ಬಾಗಿಲು ತೆರೆದಂತೆ. 1429ರ ಏಪ್ರಿಲ್ 29ರಂದು ಜೋನ್ ನಗರವನ್ನು ಪ್ರವೇಶಿಸಿದಳು. ಕೈಯಲ್ಲಿ ಯೇಸು ಮರಿಯ ಎಂಬ ಹೆಸರುಗಳಿದ್ದ ಬಿಳಿಯ ಧ್ವಜ. ಕತ್ತಿ ಇತ್ತು, ಆದರೆ ಕತ್ತಿಗಿಂತ ಧ್ವಜ ತನಗೆ ನಲವತ್ತು ಪಾಲು ಪ್ರಿಯವೆಂದೂ ತಾನು ಯಾರನ್ನೂ ಕೊಂದಿಲ್ಲವೆಂದೂ ಆಕೆ ನಂತರ ನ್ಯಾಯಾಧೀಶರಿಗೆ ತಿಳಿಸಿದಳು. ಸೈನಿಕರು ಪಾಪನಿವೇದನೆ ಮಾಡಬೇಕು, ಆಣೆ ಹಾಕಿ ಬೈಯಬಾರದು, ಪಾಳೆಯದ ಹಿಂದೆ ಬರುವ ಹೆಂಗಸರನ್ನು ಕಳುಹಿಸಿಬಿಡಬೇಕು ಎಂದು ಆಕೆ ಹಟ ಹಿಡಿದಳು. ಕೋಪಿಷ್ಠರಾದ ಸೇನಾನಿಗಳು ಈ ಹಳ್ಳಿ ಹುಡುಗಿಯ ಮುಂದೆ ನಾಲಿಗೆ ಹಿಡಿದುಕೊಂಡರು. ಮೇ 7ರಂದು ಸೇತುವೆಯ ತುದಿಯ ತೂರೆಲ್ ಕೋಟೆಯ ಮೇಲೆ ದಾಳಿ ನಡೆದಾಗ ಕುತ್ತಿಗೆ ಮತ್ತು ಭುಜದ ನಡುವೆ ಬಾಣ ನಾಟಿತು. ಅತ್ತಳು, ಗಾಯಕ್ಕೆ ಕಟ್ಟು ಹಾಕಿಸಿಕೊಂಡಳು, ಮತ್ತೆ ಏಣಿಯ ಬಳಿಗೆ ಬಂದಳು. ಸಂಜೆಗೆ ಕೋಟೆ ಬಿತ್ತು. ಆಕೆಯನ್ನು ಹೊಲಸು ಮಾತುಗಳಿಂದ ಬೈದಿದ್ದ ಇಂಗ್ಲಿಷ್ ನಾಯಕ ಗ್ಲಾಸ್‌ಡೇಲ್ ಕವಚದ ಭಾರಕ್ಕೆ ನದಿಯಲ್ಲಿ ಮುಳುಗಿ ಸತ್ತಾಗ ಅವನ ಆತ್ಮಕ್ಕಾಗಿಯೂ ಅತ್ತಳು. ಮರುದಿನ ಭಾನುವಾರ ಇಂಗ್ಲಿಷರು ಮುತ್ತಿಗೆ ತೆಗೆದು ಹೊರಟರು. ಏಳು ತಿಂಗಳ ಮುತ್ತಿಗೆ, ಆಕೆ ಬಂದ ಹತ್ತನೇ ದಿನಕ್ಕೆ ಮುಗಿಯಿತು.

ಜೂನ್ 18ರಂದು ಪಾತೇ ಎಂಬಲ್ಲಿ ಇಂಗ್ಲಿಷ್ ಸೇನೆ ಬಯಲಿನಲ್ಲೇ ಸೋತಿತು. ಸೆರೆಸಿಕ್ಕ ಇಂಗ್ಲಿಷ್ ಸೈನಿಕನೊಬ್ಬನನ್ನು ಫ್ರೆಂಚನೊಬ್ಬ ತಲೆಗೆ ಹೊಡೆದು ಕೆಡವಿದಾಗ ಜೋನ್ ಕುದುರೆಯಿಂದಿಳಿದು, ಅವನ ತಲೆಯನ್ನು ಹಿಡಿದುಕೊಂಡು ಪಾಪನಿವೇದನೆ ಮಾಡಿಸಿದಳು. ಜುಲೈ 17ರಂದು ರೀಮ್ಸ್ ಮಹಾದೇವಾಲಯದಲ್ಲಿ ಚಾರ್ಲ್ಸ್‌ನಿಗೆ ಪಟ್ಟಾಭಿಷೇಕವಾಯಿತು. ಆಕೆಯ ತಂದೆಯೂ ರೀಮ್ಸಿಗೆ ಬಂದಿದ್ದ. ನೀರಿನಲ್ಲಿ ಮುಳುಗಿಸುತ್ತೇನೆಂದಿದ್ದ ತಂದೆ ಅಂದು ಮಗಳನ್ನು ಹೇಗೆ ನೋಡಿದನೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಜೋನಳ ಕೋರಿಕೆಯಂತೆ ಅರಸ ದೊಂರೆಮಿ ಮತ್ತು ಪಕ್ಕದ ಗ್ರೋ ಗ್ರಾಮಗಳಿಗೆ ತೆರಿಗೆ ಮಾಫಿ ಮಾಡಿದ. ಫ್ರೆಂಚ್ ಕ್ರಾಂತಿಯ ಕಾಲದವರೆಗೂ ಆ ಹಳ್ಳಿಯ ತೆರಿಗೆ ಲೆಕ್ಕದ ಎದುರು ಏನೂ ಇಲ್ಲ, ಕನ್ಯೆಯ ದೆಸೆಯಿಂದ ಎಂಬರ್ಥದ ಟಿಪ್ಪಣಿ ಬರೆಯುತ್ತಿದ್ದರು.

ಆಮೇಲೆ ಇಳಿಜಾರು. ಸೆಪ್ಟೆಂಬರಿನಲ್ಲಿ ಪ್ಯಾರಿಸ್ ಮೇಲಿನ ದಾಳಿ ವಿಫಲವಾಗಿ ತೊಡೆಗೆ ಬಾಣ ತಗಲಿತು. ಅರಸನಿಗೆ ಈಗ ಸಂಧಾನದ ಮೇಲೆ ಮನಸ್ಸು. ಗೆಲ್ಲಿಸಿಕೊಟ್ಟ ಹುಡುಗಿ ಆಸ್ಥಾನಕ್ಕೆ ಭಾರವಾಗತೊಡಗಿದಳು. 1430ರ ಮೇ 23ರಂದು ಕೊಂಪಿಯೇನ್ ನಗರದ ಹೊರಗೆ ನಡೆದ ಚಕಮಕಿಯಲ್ಲಿ, ಕೋಟೆಯ ಸೇತುವೆ ಮೇಲೆತ್ತಲ್ಪಟ್ಟು ಆಕೆ ಹೊರಗೇ ಉಳಿದಳು. ಬರ್ಗಂಡಿಯವರು ಸೆರೆಹಿಡಿದರು. ಬೋರೆವ್ವಾರ್ ಕೋಟೆಯ ಎತ್ತರದ ಗೋಪುರದಿಂದ ಜಿಗಿದು ಪ್ರಜ್ಞೆ ತಪ್ಪಿ ಬಿದ್ದಳು, ಬದುಕಿದಳು. ಚಾರ್ಲ್ಸ್ ಆಕೆಯನ್ನು ಹಣ ಕೊಟ್ಟು ಬಿಡಿಸಲಿಲ್ಲ. ಇಂಗ್ಲಿಷರು 10,000 ಲೀವ್ರ್ ಕೊಟ್ಟು ಕೊಂಡುಕೊಂಡರು. ಆ ವ್ಯಾಪಾರದ ಮಾತುಕತೆ ನಡೆಸಿದವರು ಬೋವೆ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷ ಪಿಯೇರ್ ಕೊಶೋನ್.

ಇಲ್ಲಿಂದ ಮುಂದಿನದನ್ನು ಧರ್ಮಗುರುವಾಗಿ ಬರೆಯುವುದು ಸುಲಭವಲ್ಲ. ಕೊಶೋನ್ ಸಾಮಾನ್ಯ ವ್ಯಕ್ತಿಯಲ್ಲ. ಪ್ಯಾರಿಸ್ ವಿಶ್ವವಿದ್ಯಾಲಯದ ರೆಕ್ಟರ್ ಆಗಿದ್ದವರು, ಧರ್ಮಸಭೆಯ ಕಾನೂನನ್ನು ಅರೆದು ಕುಡಿದವರು. ಇಂಗ್ಲಿಷ್ ಸರಕಾರದ ಸಲಹೆಗಾರರೂ ಆಗಿದ್ದರು. ಚಾರ್ಲ್ಸ್‌ನ ಸೇನೆ ಬಂದಾಗ ತಮ್ಮ ಪೀಠ ಬಿಟ್ಟು ಓಡಬೇಕಾಗಿ ಬಂದಿತ್ತು. ಜೋನ್ ಸೆರೆಸಿಕ್ಕ ಜಾಗ ತಮ್ಮ ಧರ್ಮಪ್ರಾಂತ್ಯಕ್ಕೆ ಸೇರಿದ್ದೆಂಬ ಆಧಾರದ ಮೇಲೆ, ಇಂಗ್ಲಿಷರ ನೆಲೆಯಾಗಿದ್ದ ರೂವಾನ್ ನಗರದಲ್ಲಿ ತಾವೇ ನ್ಯಾಯಾಧೀಶರಾಗಿ ಕುಳಿತರು. ಇಂಗ್ಲಿಷರಿಗೆ ಆಕೆಯನ್ನು ಕೊಲ್ಲುವುದು ಮಾತ್ರ ಸಾಕಾಗಿರಲಿಲ್ಲ. ಆಕೆ ಪಾಷಂಡಿ, ಮಾಟಗಾತಿ ಎಂದು ತೀರ್ಪಾದರೆ ಚಾರ್ಲ್ಸ್‌ನ ಪಟ್ಟಾಭಿಷೇಕವೇ ಸೈತಾನನ ಕೆಲಸ ಎಂದಾಗುತ್ತಿತ್ತು. ಅದಕ್ಕೆ ಧರ್ಮಸಭೆಯ ಮುದ್ರೆ ಬೇಕಿತ್ತು.

1431ರ ಫೆಬ್ರವರಿ 21ರಿಂದ ಬಹಿರಂಗ ವಿಚಾರಣೆ ನಡೆಯಿತು. ಎದುರಿಗೆ ಹತ್ತಾರು ಪಂಡಿತರು, ಈ ಕಡೆ 19 ವರ್ಷದ ಒಬ್ಬ ಹುಡುಗಿ, ವಕೀಲರಿಲ್ಲ. ಧರ್ಮಸಭೆಯ ಕೈದಿಯನ್ನು ಧರ್ಮಸಭೆಯ ಸೆರೆಮನೆಯಲ್ಲಿ, ಹೆಂಗಸರ ಕಾವಲಿನಲ್ಲಿ ಇಡಬೇಕಿತ್ತು. ಇಟ್ಟದ್ದು ಇಂಗ್ಲಿಷರ ಕೋಟೆಯಲ್ಲಿ, ಕಾಲಿಗೆ ಸರಪಳಿ ಹಾಕಿ, ಗಂಡಸರಾದ ಸೈನಿಕರ ಕಾವಲಿನಲ್ಲಿ. ಆಕೆ ಪೋಪ್ ಜಗದ್ಗುರುಗಳಿಗೆ ಮೇಲ್ಮನವಿ ಕೇಳಿದಳು, ಕಳುಹಿಸಲಿಲ್ಲ. ದೇವರ ಕೃಪಾವಸ್ಥೆಯಲ್ಲಿದ್ದೀಯಾ ಎಂದು ಒಂದು ದಿನ ಕೇಳಿದರು. ಇದು ಬಲೆಯ ಪ್ರಶ್ನೆ. ಹೌದೆಂದರೆ ಅಹಂಕಾರ, ಇಲ್ಲವೆಂದರೆ ಪಾಪದ ಒಪ್ಪಿಗೆ. ಇಲ್ಲದಿದ್ದರೆ ದೇವರು ತನ್ನನ್ನು ಅದಕ್ಕೆ ಸೇರಿಸಲಿ, ಇದ್ದರೆ ಅದರಲ್ಲೇ ಉಳಿಸಲಿ ಎಂಬರ್ಥದ ಉತ್ತರ ಕೊಟ್ಟಳು. ಓದು ಬಾರದ ಆ ಹುಡುಗಿಯ ಈ ಉತ್ತರವನ್ನು ಇಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಕೃಪೆಯ ಬಗ್ಗೆ ಬೋಧಿಸುವಾಗ 2005ನೇ ಪರಿಚ್ಛೇದದಲ್ಲಿ ಉಲ್ಲೇಖಿಸುತ್ತದೆ. ಪ್ರಶ್ನೆ ಕೇಳಿದ ಪಂಡಿತರಲ್ಲಿ ಒಬ್ಬರ ಮಾತೂ ಅಲ್ಲಿಲ್ಲ.

ನಮ್ಮ ಗುರುವರ್ಗದವರೆಲ್ಲ ತಲೆಬಾಗಿದರು ಎಂದು ಹೇಳುವುದೂ ತಪ್ಪು. ನಿಕೊಲಾ ದ ಹುಪ್‌ವಿಲ್ ಎಂಬ ಪಂಡಿತರು ಈ ವಿಚಾರಣೆ ನ್ಯಾಯಸಮ್ಮತವಲ್ಲ ಎಂದದ್ದಕ್ಕೆ ಸೆರೆಮನೆ ಕಂಡರು. ಜಾನ್ ಲೊಯಿಯೇ ಎಂಬ ಕಾನೂನು ಪಂಡಿತರು ದಾಖಲೆ ಓದಿ, ಇದಕ್ಕೆ ಬೆಲೆಯಿಲ್ಲ ಎಂದು ಹೇಳಿ ಊರು ಬಿಟ್ಟರು, ರೋಮಿಗೆ ಹೋದರು. ಆದರೆ ಹೆಚ್ಚಿನವರು ಸಹಿ ಹಾಕಿದರು. ಪ್ಯಾರಿಸ್ ವಿಶ್ವವಿದ್ಯಾಲಯ ಆಕೆಯನ್ನು ನೋಡದೆಯೇ 12 ಅಂಶಗಳ ಸಾರಾಂಶ ಓದಿ ತಪ್ಪಿತಸ್ಥಳೆಂದಿತು.

ಮೇ 24ರಂದು ಸಂತ ಊವಾನ್ ಸ್ಮಶಾನದಲ್ಲಿ, ಸುಡುವ ಬೆದರಿಕೆಯೊಡ್ಡಿ, ಒಂದು ಕಾಗದಕ್ಕೆ ಗುರುತು ಹಾಕಿಸಿಕೊಂಡರು. ಕಂಡವರು ಹೇಳಿದಂತೆ ಅದರಲ್ಲಿ ಆರೇಳು ಸಾಲುಗಳಿದ್ದವು. ದಾಖಲೆಯಲ್ಲಿ ಸೇರಿಸಿದ ತಪ್ಪೊಪ್ಪಿಗೆ ಅದಕ್ಕಿಂತ ಎಷ್ಟೋ ಉದ್ದ. ಇನ್ನು ಹೆಂಗಸರ ಜೊತೆ ಧರ್ಮಸಭೆಯ ಸೆರೆಯಲ್ಲಿಡುತ್ತಾರೆ ಎಂದು ಆಕೆ ನಂಬಿದ್ದಳು. ಕೊಶೋನ್ ಹಳೆಯ ಕೋಟೆಗೇ ಕಳುಹಿಸಿದರು. ಕೆಲವೇ ದಿನಗಳಲ್ಲಿ ಆಕೆ ಮತ್ತೆ ಗಂಡಸರ ಉಡುಪಿನಲ್ಲಿದ್ದಳು. ಕಾವಲುಗಾರರಿಂದ ಮಾನ ಉಳಿಸಿಕೊಳ್ಳಲು ಎಂದು ಕೆಲವು ಸಾಕ್ಷಿಗಳು, ಆಕೆಯ ಸೀರುಡೆಯನ್ನು ಅವರೇ ಎತ್ತಿಟ್ಟಿದ್ದರು ಎಂದು ಇನ್ನೊಬ್ಬರು ಹೇಳಿದ್ದಾರೆ. ಭಯದಿಂದ ತಾನು ಸಹಿ ಹಾಕಿದ್ದು ತಪ್ಪೆಂದು ಆಕೆ ಮಾತು ಹಿಂತೆಗೆದುಕೊಂಡಳು. ಮರಳಿ ಪಾಪಕ್ಕೆ ಬಿದ್ದವಳು ಎಂದು ತೀರ್ಪಾಯಿತು.

ಮೇ 30ರ ಬೆಳಿಗ್ಗೆ ಡೊಮಿನಿಕನ್ ಗುರು ಮಾರ್ತಿನ್ ಲಾದ್ವೆನು ಪಾಪನಿವೇದನೆ ಕೇಳಿದರು. ಆಕೆ ಪರಮಪ್ರಸಾದ ಬೇಡಿದಳು. ವಿಚಿತ್ರವೆಂದರೆ, ಧರ್ಮಸಭೆಯಿಂದ ಹೊರಗೆ ಹಾಕಲಿದ್ದವಳಿಗೆ ಕೊಶೋನ್ ಅದನ್ನು ಕೊಡಲು ಒಪ್ಪಿದರು. ಯಾರೋ ದೀಪವೂ ಸ್ತೋಲೆಯೂ ಇಲ್ಲದೆ ಪರಮಪ್ರಸಾದವನ್ನು ತಂದಾಗ ಲಾದ್ವೆನು ಒಪ್ಪಲಿಲ್ಲ, ದೀಪ ಮತ್ತು ಸ್ತೋಲೆ ತರಿಸಿಯೇ ನೀಡಿದರು. ಆ ದಿನ ಒಬ್ಬ ಗುರು ಆಕೆಗಾಗಿ ಮಾಡಲು ಸಾಧ್ಯವಾದದ್ದು ಅಷ್ಟೇ, ಅದನ್ನು ಅವರು ಸರಿಯಾಗಿ ಮಾಡಿದರು. ಹಳೆ ಮಾರುಕಟ್ಟೆಯ ಚೌಕದಲ್ಲಿ ಲೌಕಿಕ ನ್ಯಾಯಾಧೀಶ ಶಿಕ್ಷೆಯನ್ನು ಓದಬೇಕಿತ್ತು, ಅದನ್ನೂ ಓದದೆ ಕಂಬಕ್ಕೆ ಕಟ್ಟಿದರು. ಇಂಗ್ಲಿಷ್ ಸೈನಿಕನೊಬ್ಬ ಎರಡು ಕಡ್ಡಿಗಳಿಂದ ಶಿಲುಬೆ ಮಾಡಿ ಕೊಟ್ಟ. ಅದನ್ನು ಎದೆಗೆ ಸೇರಿಸಿಕೊಂಡಳು. ಪಕ್ಕದ ದೇವಾಲಯದಿಂದ ತಂದ ಶಿಲುಬೆಯನ್ನು ಆಕೆಗೆ ಕಾಣುವಂತೆ ಎತ್ತಿ ಹಿಡಿದರು. ಯೇಸುವಿನ ಹೆಸರು ಕೂಗುತ್ತ ಪ್ರಾಣ ಬಿಟ್ಟಳು. ಬೂದಿಯನ್ನು ಸೀನ್ ನದಿಗೆ ಎಸೆದರು. ಕೊರಡು ಹಚ್ಚಿದವನು ಸಂಜೆ ಮಠದ ಗುರುಗಳ ಬಳಿಗೆ ಬಂದು, ತನಗೆ ಕ್ಷಮೆ ಸಿಗಲಾರದೆಂದು ಅತ್ತ.

ಆಮೇಲೆ 20 ವರ್ಷ ಮೌನ. ಬರ್ಗಂಡಿ 1435ರಲ್ಲಿ ಫ್ರಾನ್ಸಿನ ಕಡೆಗೆ ಮರಳಿತು, ಮರುವರ್ಷ ಪ್ಯಾರಿಸ್, 1449ರಲ್ಲಿ ರೂವಾನ್ ಚಾರ್ಲ್ಸ್‌ನ ಕೈಸೇರಿದವು. 1453ರಲ್ಲಿ ಕಾಸ್ತಿಯೋನ್ ಕದನದೊಂದಿಗೆ ಯುದ್ಧ ಮುಗಿದು ಇಂಗ್ಲಿಷರಿಗೆ ಕ್ಯಾಲೆ ಮಾತ್ರ ಉಳಿಯಿತು. ಪಾಷಂಡಿಯಿಂದ ಕಿರೀಟ ಪಡೆದವನೆಂಬ ಕಳಂಕ ತನಗೆ ಬೇಡವೆಂದು ಚಾರ್ಲ್ಸ್ 1450ರಲ್ಲಿ ಹಳೆಯ ದಾಖಲೆ ತೆಗೆಸಿದ. ಅವನ ಉದ್ದೇಶ ಅಷ್ಟು ಪವಿತ್ರವಾಗಿರಲಿಲ್ಲ ಎನ್ನಲು ನನಗೆ ಸಂಕೋಚವಿಲ್ಲ. ಆದರೆ ಕೇಸು ಮುಂದೆ ಹೋದದ್ದು ತಾಯಿಯ ಹೆಸರಿನಲ್ಲಿ. ವಿಧವೆಯಾಗಿ ಓರ್ಲಿಯನ್ಸ್ ನಗರದವರ ಪಿಂಚಣಿಯಲ್ಲಿ ಬದುಕುತ್ತಿದ್ದ ಇಸಬೆಲ್ ರೋಮೆಯ ಮನವಿಯನ್ನು ಪೋಪ್ ಮೂರನೇ ಕಲಿಸ್ತುಸ್ 1455ರಲ್ಲಿ ಒಪ್ಪಿದರು. ಅದೇ ವರ್ಷ ನವೆಂಬರ್ 7ರಂದು ಪ್ಯಾರಿಸ್ಸಿನ ನೋತ್ರ್ ದಾಮ್ ಮಹಾದೇವಾಲಯದಲ್ಲಿ ಆ ಮುದುಕಿ ಮಕ್ಕಳ ಆಸರೆಯಲ್ಲಿ ಬಂದು, ಅಳುತ್ತ, ತನ್ನ ಮಗಳಿಗೆ ನ್ಯಾಯ ಕೊಡಿ ಎಂದು ಧರ್ಮಾಧ್ಯಕ್ಷರ ಮುಂದೆ ಮೊಣಕಾಲೂರಿದಳು.

ನೂರಕ್ಕೂ ಹೆಚ್ಚು ಸಾಕ್ಷಿಗಳ ಹೇಳಿಕೆ ಪಡೆದರು. ಗೆಳತಿಯರು, ಗಂಟೆ ಬಾರಿಸುತ್ತಿದ್ದವನು, ಸೇನಾನಿಗಳು, ಹಳೆಯ ನ್ಯಾಯಾಲಯದ ಬರಹಗಾರರು ಎಲ್ಲರೂ ಬಂದರು. 1456ರ ಜುಲೈ 7ರಂದು ರೂವಾನ್‌ನಲ್ಲಿ, ಹಿಂದಿನ ವಿಚಾರಣೆ ಮೋಸ, ಸುಳ್ಳು ಆರೋಪ ಮತ್ತು ಅನ್ಯಾಯದಿಂದ ಕೂಡಿದ್ದೆಂದು ಸಾರಿ ರದ್ದು ಮಾಡಿದರು. ಆರೋಪಗಳ ಪ್ರತಿಯನ್ನು ಹರಿದು ಹಾಕಿದರು. ಎರಡು ವರ್ಷದ ನಂತರ ಇಸಬೆಲ್ ತೀರಿಕೊಂಡಳು.

ಕೊಶೋನ್ ಅದನ್ನು ನೋಡಲು ಇರಲಿಲ್ಲ. ಲಿಸಿಯೂ ಧರ್ಮಪ್ರಾಂತ್ಯದ ಪೀಠ ಪಡೆದು 1442ರಲ್ಲೇ ತೀರಿಕೊಂಡಿದ್ದರು, ಅಲ್ಲಿನ ಮಹಾದೇವಾಲಯದಲ್ಲೇ ಅವರನ್ನು ಹೂಳಲಾಯಿತು. ನಾಲ್ಕು ಶತಮಾನಗಳ ನಂತರ ಅದೇ ದೇವಾಲಯಕ್ಕೆ ಬಲಿಪೂಜೆಗೆ ಬರುತ್ತಿದ್ದ ತೆರೇಸಾ ಎಂಬ ಬಾಲಕಿ ಕಾರ್ಮೆಲ್ ಮಠ ಸೇರಿ, 1894 ಮತ್ತು 1895ರಲ್ಲಿ ಜೋನಳ ಬಗ್ಗೆ ಎರಡು ನಾಟಕ ಬರೆದು, ತಾನೇ ಜೋನಳ ಪಾತ್ರ ಮಾಡಿದಳು. ನಮ್ಮ ಮನೆಮನೆಗಳಲ್ಲಿ ಚಿತ್ರವಿರುವ ಚಿಕ್ಕ ತೆರೇಸಮ್ಮ ಇವರೇ. ಸರಪಳಿ ಹಾಕಿಕೊಂಡ ಜೋನಳ ವೇಷದಲ್ಲಿ ತೆಗೆದ ಅವರ ಫೋಟೋ ಈಗಲೂ ಇದೆ.

1869ರಲ್ಲಿ ಓರ್ಲಿಯನ್ಸಿನ ಧರ್ಮಾಧ್ಯಕ್ಷ ದುಪಾನ್ಲೂ ಸಂತ ಪದವಿಯ ಪ್ರಕ್ರಿಯೆಗೆ ಚಾಲನೆ ಕೊಟ್ಟರು. 1909ರಲ್ಲಿ ಪೋಪ್ ಹತ್ತನೇ ಪಿಯುಸ್ ಪುನೀತಳೆಂದೂ, 1920ರ ಮೇ 16ರಂದು ಪೋಪ್ ಹದಿನೈದನೇ ಬೆನೆಡಿಕ್ಟ್ ಸಂತಳೆಂದೂ ಸಾರಿದರು. ಗಮನಿಸಿ, ರಕ್ತಸಾಕ್ಷಿಯೆಂದಲ್ಲ, ಕನ್ಯೆಯೆಂದು. 2011ರ ಜನವರಿ 26ರ ಸಾರ್ವಜನಿಕ ಭೇಟಿಯಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಈಕೆಯ ಬಗ್ಗೆಯೇ ಮಾತನಾಡಿ, ಆಕೆಯನ್ನು ವಿಚಾರಿಸಿದ ದೈವಶಾಸ್ತ್ರಿಗಳಿಗೆ ದೇವರ ಕೆಲಸವನ್ನು ಕಾಣುವ ದೀನತೆ ಮತ್ತು ಪ್ರೀತಿ ಇರಲಿಲ್ಲವೆಂದರು. ಪಾಂಡಿಚೇರಿಗೆ ಹೋಗುವವರು ದೇವದೂತರ ಮಾತೆಯ ದೇವಾಲಯದ ಎದುರಿನ ತೋಟದಲ್ಲಿ ಧ್ವಜ ಹಿಡಿದ ಆಕೆಯ ಬಿಳಿಯ ಶಿಲಾಮೂರ್ತಿಯನ್ನು ನೋಡಬಹುದು.

ರೈಲಿನಲ್ಲಿ ಸಿಕ್ಕ ಯುವತಿಗೆ ಇಷ್ಟನ್ನೂ ಒಂದು ಪತ್ರದಲ್ಲಿ ಬರೆದು ಕಳುಹಿಸಿದ್ದೆ. ಹೌದು, ನಮ್ಮ ಧರ್ಮಾಧ್ಯಕ್ಷರೊಬ್ಬರೇ ಮಾಡಿದ್ದು ಎಂಬ ವಾಕ್ಯದಿಂದಲೇ ಪತ್ರ ಆರಂಭಿಸಿದ್ದೆ. ಆಕೆ ಉತ್ತರದಲ್ಲಿ ಒಂದೇ ಪ್ರಶ್ನೆ ಕೇಳಿದಳು: ಈ ಸಂತಳ ಅವಶೇಷ ಎಲ್ಲಾದರೂ ಇದೆಯೇ ಎಂದು. ಇಲ್ಲ. ಫ್ರಾನ್ಸಿನಲ್ಲಿ ಆಕೆಯದೆಂದು ಕಾಪಾಡಿಕೊಂಡು ಬಂದಿದ್ದ ಮೂಳೆಗಳು ಈಜಿಪ್ಟಿನ ಮಮ್ಮಿಯ ತುಣುಕು ಮತ್ತು ಬೆಕ್ಕಿನ ಮೂಳೆ ಎಂದು 2007ರಲ್ಲಿ ವಿಜ್ಞಾನಿಗಳು ತೋರಿಸಿದರು. ಉಳಿದಿರುವುದು ಆಕೆ ಹೇಳಿ ಬರೆಸಿದ ಕೆಲವು ಪತ್ರಗಳು. 1429ರ ನವೆಂಬರ್ 9ರಂದು ರಿಯೋಮ್ ಪಟ್ಟಣದವರಿಗೆ ಬರೆಸಿದ ಪತ್ರದಲ್ಲಿ ಮದ್ದಿನ ಪುಡಿ, ಗಂಧಕ, ಬಾಣಗಳನ್ನು ಬೇಗ ಕಳುಹಿಸಿ ಎಂದು ಕೇಳಿದ್ದಾಳೆ. ಕೆಳಗೆ, ಅಕ್ಷರ ಕಲಿಯದವಳು ಯಾರದೋ ಸಹಾಯದಿಂದ ಒಂದೊಂದೇ ಅಕ್ಷರ ಕೂಡಿಸಿ ಬರೆದಂತೆ, ತನ್ನ ಹೆಸರನ್ನು ಬರೆದಿದ್ದಾಳೆ.